ಬರಲಿರುವ ಪ್ರೊಸೆಸರೂ ಕಾದು ಕುಳಿತ ಮಕ್ಕಳೂ

ಗಾವಡಗೆರೆಯ ವಾಚಕರೊಬ್ಬರು ನಮಗೆ ಬರೆದಿರುವ ಪತ್ರವು ಈ ಲೇಖನಕ್ಕೆ ಕಾರಣವಾಗಿದೆ. ಅವರು ಹೊಗೆಸೊಪ್ಪು ಬೆಳೆಯುವ ರೈತರು. 2025ನೆಯ ಇಸವಿಯ ಆರಂಭದಲ್ಲಿ ಕಟ್ಟೆಮಳಲವಾಡಿಯ ಹರಾಜಿನಿಂದ ಬಂದ ಹಣದಲ್ಲಿ ಒಂದು ಭಾಗವನ್ನು, ಡಿಪ್ಲೊಮಾ ವ್ಯಾಸಂಗ ಮಾಡುತ್ತಿರುವ ಮಗನಿಗೆ ಡೆಸ್ಕ್‌ಟಾಪ್ ಕಂಪ್ಯೂಟರೊಂದನ್ನು ಕೊಡಿಸುವುದಕ್ಕಾಗಿ ಎತ್ತಿಟ್ಟರು. ಮಗನು, "ಅಪ್ಪಾ, ಹೊಸ ಪ್ರೊಸೆಸರು ಬರುತ್ತದಂತೆ; ಆರು ತಿಂಗಳು ತಾಳೋಣ" ಎಂದನು. ಆರು ತಿಂಗಳು ಕಳೆದವು. ಇನ್ನೊಂದು ತಾರೀಖಿನ ಸುದ್ದಿ ಹುಟ್ಟಿತು. ಮತ್ತೆ ತಾಳಿದರು. ಅಷ್ಟರಲ್ಲಿ ಎತ್ತಿಟ್ಟ ಹಣದ ಅರ್ಧವು ಬ್ಯಾರನ್ನಿನ ಸೌದೆಗೂ ಗೊಬ್ಬರಕ್ಕೂ ಕರಗಿತು; ಕಂಪ್ಯೂಟರಿನ ಬೆಲೆಯಾದರೋ ಏರಿತು. "ಇನ್ನೂ ಕಾಯಬೇಕೇ, ಕೊಂಡುಬಿಡಬೇಕೇ? ತಾವು ತಿಳಿದವರು, ಹೇಳಬೇಕು" ಎಂದು ಅವರು ಕೇಳಿದ್ದಾರೆ.

ನಾವು ಪಾಠಶಾಲೆಯಲ್ಲಿ ಓದಿ ಮೆಟ್ರಿಕ್ಯುಲೇಷನ್ನಿಗೆ ನಿಂತವರು. ಯಂತ್ರಶಾಸ್ತ್ರದಲ್ಲಿ ಪಂಡಿತರೆಂದು ಹೇಳಿಕೊಳ್ಳಲಾರೆವು. ಆದರೂ ಈ ಪ್ರಶ್ನೆಯು ಒಬ್ಬ ರೈತರದಲ್ಲ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಅನೇಕ ಮನೆಗಳದು ಎಂಬ ಕಾರಣದಿಂದ, ನಮಗೆ ತಿಳಿದಷ್ಟನ್ನು ಮಹಾಜನರ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಪ್ರೊಸೆಸರುಗಳ ತಾರೀಖುಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಪೂರ್ವಚರಿತ್ರೆಯೇ ಸಾಕ್ಷಿ. ಇಂಟೆಲ್ ಕಂಪೆನಿಯವರು 14 ನ್ಯಾನೊಮೀಟರಿನ ವಿಧಾನದ ಡೆಸ್ಕ್‌ಟಾಪ್ ಪ್ರೊಸೆಸರುಗಳನ್ನು 2015ರಲ್ಲಿ ಹೊರತಂದರು. ಅದರ ಮುಂದಿನ 10 ನ್ಯಾನೊಮೀಟರಿನ ವಿಧಾನವು 2017ರ ಉತ್ತರಾರ್ಧದಲ್ಲಿ ಬರುವುದೆಂದು ಅವರೇ ಅದೇ ವರ್ಷ ಸಾರಿದ್ದರು. 2018ರಲ್ಲಿ ಹೆಸರಿಗೆ ಒಂದಿಷ್ಟು ಬಂದಿತು; 2019ರಲ್ಲಿ ಲ್ಯಾಪ್‌ಟಾಪುಗಳಿಗೆ ದೊರೆಯಿತು. ಡೆಸ್ಕ್‌ಟಾಪಿಗೆ ಅದು ಬಂದದ್ದು 2021ನೆಯ ನವೆಂಬರಿನಲ್ಲಿ, 'ಆಲ್ಡರ್ ಲೇಕ್' ಎಂಬ ಹೆಸರಿನಿಂದ! ಮಧ್ಯೆ ಕಳೆದ ಆರು ವರ್ಷಗಳಲ್ಲಿ ಪ್ರೌಢಶಾಲೆಯ ಬಾಲಕನೊಬ್ಬನು ಪದವೀಧರನಾಗಬಹುದು.

ಈ ವಿಳಂಬಕ್ಕೆ ಕಾರಣವು ಕೇವಲ ಆಲಸ್ಯವಲ್ಲವೆಂಬುದನ್ನೂ ಹೇಳಬೇಕಾದುದು ನ್ಯಾಯ. ಚಿಪ್ಪಿನ ಮೇಲಿನ ರೇಖೆಗಳು ಬೆಳಕಿನಿಂದ ಅಚ್ಚೊತ್ತಲ್ಪಡತಕ್ಕವು. ರೇಖೆಗಳು ಅತಿ ಸೂಕ್ಷ್ಮವಾದಂತೆ, ಒಂದೇ ಪದರವನ್ನು ಮೂರು ನಾಲ್ಕು ಸಲ ಅಚ್ಚಿಗೆ ಒಡ್ಡಬೇಕಾಗುತ್ತದೆ. ಇದರ ಕಷ್ಟವು ಮುದ್ರಕರಾದ ನಮಗೆ ಸುಲಭವಾಗಿ ಅರ್ಥವಾಗುತ್ತದೆ: ಬಣ್ಣದ ಚಿತ್ರವೊಂದನ್ನು ನಾಲ್ಕು ಸಲ ಮುದ್ರಿಸುವಾಗ ಹಾಳೆಯು ಕೂದಲೆಳೆಯಷ್ಟು ಸರಿದರೂ ಮುಖವೊಂದು ಕಡೆ, ಮೂಗೊಂದು ಕಡೆಯಾಗುವುದು. ಹಾಗೆ ಕೆಟ್ಟ ಚಿಪ್ಪುಗಳೇ ಹೆಚ್ಚಾದರೆ ಕಾರ್ಖಾನೆಯು ನಷ್ಟಕ್ಕೆ ಬೀಳುವುದು. ತಾರೀಖು ಮುಂದಕ್ಕೆ ಹೋಗುವುದು.

ಗುಣಕ್ಕಾಗಿ ತಡಮಾಡುವುದು ದೋಷವೂ ಅಲ್ಲ. ಎ.ಎಂ.ಡಿ. ಕಂಪೆನಿಯವರು 2024ರ ಜುಲೈ 31ಕ್ಕೆ ಗೊತ್ತುಮಾಡಿದ್ದ ರೈಜೆನ್ 9000 ಶ್ರೇಣಿಯನ್ನು, ಮೊದಲು ತಯಾರಾದ ಸರಕು ತಮ್ಮ ಮಟ್ಟಕ್ಕೆ ಬರಲಿಲ್ಲವೆಂದು ತಾವೇ ಒಪ್ಪಿಕೊಂಡು, ಆಗಸ್ಟ್ 8 ಮತ್ತು 15ಕ್ಕೆ ಮುಂದೂಡಿದರು. ಅದೇ ವರ್ಷ ಇಂಟೆಲಿನವರ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅಸ್ಥಿರತೆ ಕಾಣಿಸಿಕೊಂಡು, ಅವರು ಗ್ಯಾರಂಟಿಯ ಅವಧಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು. ಆದಕಾರಣ ಹೊಸದು ಬಂದ ದಿನವೇ ಅದು ಮೇಲೆಂದು ನಂಬುವುದೂ ಸರಿಯಲ್ಲ. ನಮ್ಮ ಆಕ್ಷೇಪಣೆಯು ತಡಮಾಡುವವರ ಮೇಲಲ್ಲ. ಕಂಪೆನಿಯವರು ಬಾಯಿಬಿಡುವ ಮೊದಲೇ ಪಂಚಾಂಗ ಬರೆಯುವವರ ಮೇಲೆ, ಮತ್ತು ಆ ಪಂಚಾಂಗವನ್ನು ನಂಬಿ ಮನೆಯ ಕೆಲಸವನ್ನು ನಿಲ್ಲಿಸುವ ನಮ್ಮವರ ಮೇಲೆ.

ತಾರೀಖುಗಳ ಈ ಮಾಯೆಯು ನಮ್ಮ ಜಿಲ್ಲೆಯನ್ನೂ ಮುಟ್ಟಿ ಹೋಗಿದೆ. 2022ನೆಯ ಮೇ 1ರಂದು ಐ.ಎಸ್.ಎಂ.ಸಿ. ಎಂಬ ಸಂಸ್ಥೆಯು ನಮ್ಮ ರಾಜ್ಯ ಸರ್ಕಾರದೊಡನೆ ಒಡಂಬಡಿಕೆ ಮಾಡಿಕೊಂಡಿತು. ಮೈಸೂರಿನ ಸಮೀಪದ ಕೋಚನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ 22,900 ಕೋಟಿ ರೂಪಾಯಿಗಳ ಚಿಪ್ ಕಾರ್ಖಾನೆ, 1,500 ಮಂದಿಗೆ ಉದ್ಯೋಗ ಎಂದು ಸಾರಲಾಯಿತು. ಅಲ್ಲಿ ಡೆಸ್ಕ್‌ಟಾಪ್ ಪ್ರೊಸೆಸರು ತಯಾರಾಗಬೇಕೆಂದಿರಲಿಲ್ಲ. ಆದರೂ ಚಿಪ್ಪೆಂಬುದು ನಮ್ಮ ಮಣ್ಣಿನಲ್ಲಿ ಹುಟ್ಟುವುದೆಂಬ ಸಂತೋಷ ನಮಗಿತ್ತು. ಅದಕ್ಕೆ ವಿದ್ಯೆ ಕೊಡಬೇಕಾಗಿದ್ದುದು ಇಸ್ರೇಲಿನ ಟವರ್ ಕಂಪೆನಿ. ಅದನ್ನು ಕೊಳ್ಳಲು ಇಂಟೆಲಿನವರೇ ಆ ವರ್ಷದ ಫೆಬ್ರುವರಿಯಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಚೀನಾದ ಅನುಮತಿಯು ಸಕಾಲಕ್ಕೆ ದೊರೆಯದೆ ಆ ಒಪ್ಪಂದವು 2023ರ ಆಗಸ್ಟಿನಲ್ಲಿ ಮುರಿದುಬಿತ್ತು. ಇತ್ತ ಮೈಸೂರಿನ ಯೋಜನೆಯೂ ಕಾಗದದ ಮೇಲೆಯೇ ಉಳಿಯಿತು. ಅಷ್ಟು ದೂರದ ಮೂರು ದೇಶಗಳ ವ್ಯವಹಾರವು ಕೋಚನಹಳ್ಳಿಯ ಬಯಲನ್ನು ಬಯಲಾಗಿಯೇ ಇರಿಸಿತು.

ಇನ್ನೊಂದು ಸಂಗತಿಯು ಇದಕ್ಕಿಂತಲೂ ವಿಚಾರಣೀಯವಾದುದು. ಇದೇ ಇಂಟೆಲ್ ಮತ್ತು ಎ.ಎಂ.ಡಿ. ಕಂಪೆನಿಗಳಿಗಾಗಿ ಬೆಂಗಳೂರಿನಲ್ಲಿ ಸಾವಿರಾರು ಇಂಜಿನಿಯರುಗಳು ದುಡಿಯುತ್ತಿದ್ದಾರೆ, ಎ.ಎಂ.ಡಿ.ಯವರು 2023ರ ನವೆಂಬರಿನಲ್ಲಿ ತಮ್ಮ ಅತಿದೊಡ್ಡ ವಿನ್ಯಾಸಕೇಂದ್ರವನ್ನು ಅಲ್ಲಿಯೇ ತೆರೆದರು. ಬುದ್ಧಿಯು ನಮ್ಮವರದು, ತಾರೀಖು ಪರರದು! ಇಸ್ರೋದವರ 32 ಬಿಟ್ಟಿನ 'ವಿಕ್ರಮ್' ಪ್ರೊಸೆಸರು 2025ರ ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿಗಳ ಕೈಸೇರಿತು. ಅದು ರಾಕೆಟ್ಟಿಗಾಗಿ ಮೊಹಾಲಿಯಲ್ಲಿ ತಯಾರಾದುದು. ರಾಕೆಟ್ಟಿಗೆ ಸ್ವದೇಶದ ಚಿಪ್ಪನ್ನು ಮಾಡಿಕೊಂಡವರು ವಿದ್ಯಾರ್ಥಿಯ ಮೇಜಿಗೂ ಮಾಡಿಕೊಳ್ಳಬಹುದೆಂದು ನಾವು ನಂಬುತ್ತೇವೆ. ಆದರೆ ಅದು ಕಾದು ಕುಳಿತವರಿಂದಾಗುವ ಕೆಲಸವಲ್ಲ. ಇಂದು ದೊರೆತ ಯಂತ್ರದಲ್ಲಿ ಕೈ ಪಳಗಿಸಿಕೊಂಡ ಹುಡುಗರಿಂದ ಆಗತಕ್ಕದ್ದು.

ಕಾಯುವಿಕೆಗೂ ಬಡ್ಡಿಯುಂಟು. 2025ರ ಕೊನೆಯಲ್ಲಿ, ಕೃತಕ ಬುದ್ಧಿಯ ಮಹಾಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ರಾಶಿ ರಾಶಿಯಾಗಿ ಕೊಳ್ಳತೊಡಗಿದ್ದರಿಂದ, ರ‍್ಯಾಮ್ ಬೆಲೆ ಹಠಾತ್ತನೆ ಏರಿತು. ಪ್ರೊಸೆಸರಿನ ಬೆಲೆ ಇಳಿಯುವುದೆಂದು ಕಾದವರಿಗೆ, ಅದರ ಪಕ್ಕದಲ್ಲಿ ಕೂರತಕ್ಕ ವಸ್ತುವಿನ ಬೆಲೆ ಏರಿ ಲಾಭವೆಲ್ಲ ತೇಲಿಹೋಯಿತು. ಇಂಟೆಲಿನವರು 'ನೋವಾ ಲೇಕ್' ಎಂಬ ಮುಂದಿನ ಶ್ರೇಣಿಯನ್ನು 2026ರ ಅಂತ್ಯಕ್ಕೆ ತರುವೆವೆಂದು 2025ರಲ್ಲಿ ಹೇಳಿದರು. ಅದು ಬಂದಾಗ ಅದರ ಮುಂದಿನದರ ವದಂತಿ ಹುಟ್ಟದೆ ಇರದು. ಹಿಂದೆ ನಮ್ಮ ಹಳ್ಳಿಗಳಲ್ಲಿ ದೆವ್ವವನ್ನು ಹಿಂದಕ್ಕೆ ಕಳುಹಿಸಲು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದುಂಟು. ಈಗ ನಮ್ಮ ಯುವಕರು ಅದನ್ನೇ ವಿದ್ಯೆಯ ಬಾಗಿಲ ಮೇಲೆ ಬರೆಯುತ್ತಿದ್ದಾರೆ.

ಪರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಮುದ್ರಣಾಲಯದಲ್ಲಿ ಪುಟ ಕಟ್ಟುವ ಕಂಪ್ಯೂಟರು ಹಳೆಯದಾಗಿತ್ತು. "ಹೊಸ ಪೀಳಿಗೆ ಬರಲಿ" ಎಂದು ನಾವು ಒಂದು ವರ್ಷ ತಳ್ಳಿದೆವು. ದಸರಾ ವಿಶೇಷಾಂಕದ ಹಿಂದಿನ ರಾತ್ರಿ ಅದು ಪ್ರಾಣಬಿಟ್ಟಿತು. ಜಾಹೀರಾತು ಕೊಟ್ಟವರ ಕ್ಷಮೆ ಬೇಡಿ, ಅರ್ಧ ಪುಟಗಳಲ್ಲಿ ಅಂಕವನ್ನು ಹೊರತಂದೆವು. ಆಮೇಲೆ ಕೊಂಡ ಯಂತ್ರವಾದರೂ ಒಂದು ವರ್ಷ ಹಿಂದೆಯೇ ಅಂಗಡಿಯಲ್ಲಿದ್ದದ್ದೇ!

ಆದಕಾರಣ ಗಾವಡಗೆರೆಯ ಮಿತ್ರರಿಗೆ ನಮ್ಮ ಉತ್ತರವು ಇಷ್ಟು. ಮಗನ ವ್ಯಾಸಂಗಕ್ಕೆ ಏನು ಬೇಕೆಂದು ಅವನ ಉಪಾಧ್ಯಾಯರನ್ನು ಕೇಳಿರಿ. ಅಂಗಡಿಯಲ್ಲಿ ಈಗ ದೊರೆಯುವುದರಲ್ಲಿ ಅದಕ್ಕೆ ಸಾಕಾಗುವುದನ್ನು, ಗ್ಯಾರಂಟಿಯ ಕಾಗದದೊಡನೆ, ಕೊಂಡುಬಿಡಿರಿ. ಒಂದು ಹಿಂದಿನ ಪೀಳಿಗೆಯ ಪ್ರೊಸೆಸರಾದರೂ ಚಿಂತೆಯಿಲ್ಲ. ಅದರ ಗುಣದೋಷಗಳು ಆಗಲೇ ಬಯಲಾಗಿರುತ್ತವೆ. ಕಂಪೆನಿಯವರೇ ದಿನವನ್ನೂ ಬೆಲೆಯನ್ನೂ ಪ್ರಕಟಿಸಿ, ಆ ದಿನವು ಒಂದು ತಿಂಗಳೊಳಗೆ ಇದ್ದರೆ ಮಾತ್ರ ಕಾಯಿರಿ. ಹರಾಜಿನ ಕಟ್ಟೆಯ ಮೇಲೆ, ನಾಳೆ ಬೆಲೆ ಏರಬಹುದೆಂದು ಬೇಲನ್ನು ವಾಪಸು ತಂದು ಕೆಟ್ಟವರನ್ನು ತಾವು ಕಂಡಿಲ್ಲವೇ?

ಶಾಲೆಗಳನ್ನೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳನ್ನೂ ನಡೆಸುವ ಮಹನೀಯರಿಗೂ ಇದೇ ನಮ್ಮ ಬಿನ್ನಹ. ಮಂಜೂರಾದ ಹಣವನ್ನು ಮುಂದಿನ ಮಾದರಿಯ ನೆಪದಿಂದ ಪೆಟ್ಟಿಗೆಯಲ್ಲಿಡುವುದು ಮಿತವ್ಯಯವಲ್ಲ. ಯಂತ್ರವು ಮುಂದಿನ ವರ್ಷವೂ ಬರುವುದು, ಅದರ ಮುಂದಿನ ವರ್ಷವೂ ಬರುವುದು. ಹತ್ತನೆಯ ತರಗತಿಯಲ್ಲಿ ಇಂದು ಕುಳಿತಿರುವ ಮಗುವು ಮುಂದಿನ ವರ್ಷ ಅಲ್ಲಿರುವುದಿಲ್ಲ. ಇದನ್ನು ಸಂಬಂಧಪಟ್ಟವರು ಮನಸ್ಸಿಗೆ ತಂದುಕೊಂಡು, ಈ ಶಾಲಾ ವರ್ಷ ಮುಗಿಯುವುದರೊಳಗೆ ಕಾರ್ಯೋನ್ಮುಖರಾಗುವರೆಂದು ನಾವು ಆಶಿಸುತ್ತೇವೆ.