ಅಂಗೈಯ ಫೋನು, ಮಠದ ಪಡಸಾಲೆ



ಮುಂಡಗೋಡ ತಾಲೂಕಿನ ಮಳಗಿ ಕಡೆಯ ಒಂದು ಹಳ್ಳಿಯಲ್ಲಿ ಶ್ರಾವಣದ ಪ್ರವಚನ ಮುಗಿದು ಪ್ರಸಾದಕ್ಕೆ ಕುಳಿತಿದ್ದೆವು. ಬಡಿಸುತ್ತಿದ್ದ ತಾಯಿಯೊಬ್ಬರು ಬುಟ್ಟಿ ಕೆಳಗಿಟ್ಟು ಕೇಳಿದರು: “ಅಣ್ಣಾರ, ಮಠದಿಂದ ಹುಡುಗೂರಿಗೆ ಮೊಬೈಲ್ ಕೊಡ್ತಾರಂತಲ್ರಿ, ಖರೇನ ಏನ್ರಿ?” ಯಾರಿಗೆ ಬೇಕವ್ವಾ ಎಂದೆವು. ಎಂಟನೇ ತರಗತಿಯ ಮಗಳಿಗೆ. ಮನೆಯಲ್ಲಿ ಫೋನ್ ಇಲ್ಲವೇ? “ಒಂದ ಐತ್ರಿ. ಮುಂಜಾನೆ ಅವರಪ್ಪ ಒಯ್ತಾರ್ರಿ. ಸಂಜಿಗೆ ಬಂದ ಕೂಡ್ಲೆ ಮಗ ಹಿಡೀತಾನ್ರಿ. ಮಗಳ ಕೈಗೆ ಬರೂದ್ರಾಗ ಚಾರ್ಜ್ ಮುಗದಿರ್ತೈತ್ರಿ.”

ಇಂಥ ಬೇಡಿಕೆಗೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. ನಾಲ್ಕು ಮಂದಿ ದಾನಿಗಳನ್ನು ಒಪ್ಪಿಸುವುದು, ಜಾತ್ರೆಯ ವೇದಿಕೆಯ ಮೇಲೆ ಐವತ್ತು ಟ್ಯಾಬ್ ಹಂಚುವುದು, ಫೋಟೋ ತೆಗೆಸುವುದು. ಹಾಗೆ ಮಾಡಬೇಡಿ ಎಂದು ಮಠಗಳ ಪೂಜ್ಯರಿಗೂ ಟ್ರಸ್ಟಿನ ಹಿರಿಯರಿಗೂ ವಿನಂತಿಸುವುದಕ್ಕೇ ಈ ಮಾತು. ಹಂಚಿದ ಟ್ಯಾಬ್ ಕೂಡ ಆ ಮನೆಯೊಳಗೇ ಹೋಗುತ್ತದೆ. ಮೊದಲು ಅಪ್ಪ, ಆಮೇಲೆ ಮಗ, ಕೊನೆಗೆ ಮಗಳು ಎಂಬ ಸರದಿ ಅದಕ್ಕೂ ತಪ್ಪುವುದಿಲ್ಲ.

ಇದು ಬರೀ ಊಹೆಯಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಸರಕಾರ ಹಳ್ಳಿಯ ಮಕ್ಕಳಿಗೆ ತಲೆಗೊಂದರಂತೆ ಪುಟ್ಟ ಲ್ಯಾಪ್‌ಟಾಪ್ ಹಂಚಿತ್ತು. ಮುನ್ನೂರಕ್ಕೂ ಹೆಚ್ಚು ಶಾಲೆಗಳನ್ನು ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಪ್ರಗತಿಯ ಗುರುತೇ ಸಿಗಲಿಲ್ಲ. ಯಂತ್ರ ಬಂತು, ಕಲಿಕೆ ಇದ್ದಲ್ಲೇ ಇತ್ತು.

ಹಾಗಾದರೆ ತಂತ್ರಜ್ಞಾನವೇ ಬೇಡವೇ? ಹಾಗೆನ್ನಲಾರೆವು. ದೆಹಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ನಮ್ಮ ಶಿಕ್ಷಣ ಸಂಸ್ಥೆಗಳವರು ಗಮನವಿಟ್ಟು ನೋಡಬೇಕು. ಅಲ್ಲಿ ಸರಕಾರಿ ಶಾಲೆಯ ಮಕ್ಕಳು ಶಾಲೆಯ ಹೊತ್ತು ಬಿಟ್ಟು ಒಂದು ಕೇಂದ್ರಕ್ಕೆ ಬರುತ್ತಿದ್ದರು. ವಾರಕ್ಕೆ ಆರು ದಿನ, ದಿನಕ್ಕೆ ಒಂದೂವರೆ ತಾಸು. ಅದರಲ್ಲಿ ಅರ್ಧ ಹೊತ್ತು ಕಂಪ್ಯೂಟರಿನ ಮುಂದೆ, ಉಳಿದರ್ಧ ಹೊತ್ತು ಹನ್ನೆರಡು ಹದಿನೈದು ಮಕ್ಕಳ ಗುಂಪಿನಲ್ಲಿ ಒಬ್ಬ ಬೋಧಕರ ಜೊತೆ. ಕಂಪ್ಯೂಟರು ಮೊದಲು ಮಗುವನ್ನು ಪರೀಕ್ಷಿಸಿ, ಅದು ನಿಜಕ್ಕೂ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಪಾಠ ಶುರು ಮಾಡುತ್ತಿತ್ತು. ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದೆ ಎಂದು ಆಗ ತಿಳಿಯಿತು. ನಾಲ್ಕೂವರೆ ತಿಂಗಳಲ್ಲಿ ಆ ಮಕ್ಕಳು ಗಣಿತದಲ್ಲಿ ಉಳಿದವರಿಗಿಂತ ಎರಡು ಪಟ್ಟು ಮುಂದೆ ನಡೆದಿದ್ದರು. ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇವೆ: ಶಾಲೆಯ ವಾರ್ಷಿಕ ಪರೀಕ್ಷೆಯ ಅಂಕಗಳಲ್ಲಿ ಈ ಮುನ್ನಡೆ ಕಾಣಲಿಲ್ಲ. ಮೂರನೇ ತರಗತಿಯ ಲೆಕ್ಕದಿಂದ ಐದನೆಯದಕ್ಕೆ ಏರಿದ ಮಗು ಏಳನೆಯದರ ಪ್ರಶ್ನೆಪತ್ರಿಕೆಯಲ್ಲಿ ಇನ್ನೂ ತೊಡರುತ್ತದೆ. ಮರುವರ್ಷವೇ ಎಸ್ಸೆಸ್ಸೆಲ್ಸಿ ಫಲಿತಾಂಶದ ಫಲಕ ಹಾಕಿಸಬೇಕೆನ್ನುವ ಹಿರಿಯರು ಇದಕ್ಕೆ ತಾಳ್ಮೆ ತಂದುಕೊಳ್ಳಬೇಕಾದೀತು.

ಮಗು ನಿಂತಲ್ಲಿಂದ ಪಾಠ ಶುರು ಮಾಡುವುದು ಕನ್ನಡ ನಾಡಿಗೇನೂ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಸರಕಾರಿ ಶಾಲೆಗಳ ಮಾಸ್ತರರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು ನಲಿ–ಕಲಿ ಕಟ್ಟಿದರು. ಕಲಿಕೆಯ ಏಣಿ, ಮೈಲಿಗಲ್ಲು, ಚಿತ್ರದ ಕಾರ್ಡು. ಒಂದೇ ಕೋಣೆಯಲ್ಲಿ ಒಂದು ಮಗು ಅಕ್ಷರದ ಮೆಟ್ಟಿಲಲ್ಲಿ, ಇನ್ನೊಂದು ವಾಕ್ಯದ ಮೆಟ್ಟಿಲಲ್ಲಿ. ಒಂದು ಗುಂಪಿಗೆ ಅಕ್ಕೋರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. 2009–10ರಿಂದ ಇದು ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಇಂದು ಕಂಪನಿಗಳು ‘ನಿಮ್ಮ ಮಗುವಿಗಾಗಿಯೇ ಸಿದ್ಧಪಡಿಸಿದ ಪಾಠ’ ಎಂದು ಸಾವಿರಾರು ರೂಪಾಯಿಗೆ ಮಾರುವ ಸರಕಿನ ತಿರುಳು ರಟ್ಟಿನ ಕಾರ್ಡಿನಲ್ಲಿ ಆಗಲೇ ಇತ್ತು. ಯಂತ್ರಕ್ಕಿರುವ ಹೆಚ್ಚುಗಾರಿಕೆ ಒಂದೇ: ನಲವತ್ತು ಮಕ್ಕಳ ತಪ್ಪುಗಳನ್ನು ಬೇಸರಿಸದೆ ನೆನಪಿಡುತ್ತದೆ. ಅಕ್ಕೋರಿಗೆ ಅದು ದೊಡ್ಡ ನೆರವೇ.

‘ಇಷ್ಟಲಿಂಗದಂತೆ ಇನ್ನು ಜ್ಞಾನವೂ ಪ್ರತಿಯೊಬ್ಬರ ಅಂಗೈಯಲ್ಲಿ’ ಎಂದು ಫೋನನ್ನು ಹೊಗಳುವ ಮಾತು ಈಚೆಗೆ ನಮ್ಮ ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದೆ. ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ. ಅಪ್ಪ ಬಸವಣ್ಣನವರು ಅಂಗೈಗೆ ಲಿಂಗವನ್ನು ಕೊಟ್ಟು ನಡುವಿನ ಪೂಜಾರಿಯನ್ನು ತೆಗೆದುಹಾಕಿದ್ದು ನಿಜ. ಆದರೆ ಲಿಂಗ ಹಿಡಿದವರನ್ನು ಮನೆಯ ಮೂಲೆಯಲ್ಲಿ ಒಂಟಿಯಾಗಿ ಕೂರಿಸಲಿಲ್ಲ. ಅನುಭವ ಮಂಟಪಕ್ಕೆ ಕರೆದರು. ಅಂಬಿಗ, ಮಾದಾರ, ಮಡಿವಾಳ, ಅಕ್ಕ ಎಲ್ಲರೂ ತಮ್ಮ ತಮ್ಮ ಅರಿವನ್ನು ಅಲ್ಲಿ ತಂದು ಒರೆಗೆ ಹಚ್ಚಿದರು. ಮುಂಡಗೋಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1966ರಿಂದ ನಮ್ಮ ನಡುವೆ ನೆಲೆಸಿರುವ ಟಿಬೆಟನ್ ಬಂಧುಗಳ ಡ್ರೆಪುಂಗ್, ಗಾದೆನ್ ಮಠಗಳ ಅಂಗಳದಲ್ಲಿ ಕಿರಿಯ ಭಿಕ್ಷುಗಳು ಎದುರುಬದುರಾಗಿ, ಕೈ ಚಪ್ಪಳಿಸಿ ಪ್ರಶ್ನೆ ಎಸೆದು ವಾದ ಮಾಡುವುದನ್ನು ನೋಡಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವರಿಗೂ ಫೋನುಗಳಿವೆ. ವಾದ ನಿಂತಿಲ್ಲ.

ಆದ್ದರಿಂದ ನಮ್ಮ ಸೂಚನೆ ಇಷ್ಟು: ಐವತ್ತು ಮನೆಗೆ ಐವತ್ತು ಟ್ಯಾಬ್ ಕೊಡುವ ಹಣದಲ್ಲಿ ಮಠದ ಪಡಸಾಲೆಯಲ್ಲಿ, ಇಲ್ಲವೇ ಊರಿನ ಬಸವ ಮಂಟಪದಲ್ಲಿ, ಹತ್ತು ಟ್ಯಾಬ್ ಇಟ್ಟು ಸಂಜೆ ಎರಡು ತಾಸು ಬಾಗಿಲು ತೆರೆಯಿರಿ. ಉಳಿದ ಹಣದಲ್ಲಿ ಅದೇ ಊರಿನ ಡಿಗ್ರಿ ಮುಗಿಸಿದ ಒಬ್ಬ ಮಗಳಿಗೆ ಗೌರವಧನ ಕೊಟ್ಟು ಮಕ್ಕಳ ಜೊತೆ ಕೂರಿಸಿ. ಪ್ರಸಾದ ನಿಲಯ ನಡೆಸಿ ಗೊತ್ತಿರುವ ನಮಗೆ ಇದು ಕಷ್ಟದ ಕೆಲಸವಲ್ಲ. ಬಡವರ ಮಕ್ಕಳಿಗೆ ಕೂಡಲು ಜಾಗ, ಅನ್ನ, ದೀಪ ಕೊಟ್ಟು ಓದಿಸಿದ ಮಠಗಳಿಂದಲೇ ಈ ಭಾಗದ ಎರಡು ಮೂರು ತಲೆಮಾರು ಮೇಲೆ ಬಂದಿತು. ಆಗ ದೀಪ, ಈಗ ಚಾರ್ಜರು.

ಇಂಟರ್ನೆಟ್ಟಿನ ಮಾತು. ಗುಂಜಾವತಿ, ಮೈನಳ್ಳಿಯ ಕಾಡಂಚಿನಲ್ಲಿ, ಜೊಯಿಡಾದಲ್ಲಂತೂ ಕೇಳುವುದೇ ಬೇಡ, ಸಿಗ್ನಲ್ಲಿಗೆ ಗುಡ್ಡ ಹತ್ತಿದ ಮಕ್ಕಳನ್ನು ಕೊರೋನಾ ಕಾಲದಲ್ಲಿ ಕಂಡಿದ್ದೇವೆ. 2020ರ ಆಗಸ್ಟಿನಲ್ಲಿ ಸರಕಾರ ವಿದ್ಯಾಗಮ ಆರಂಭಿಸಿದಾಗ ಮಕ್ಕಳನ್ನು ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಮೂರು ಗುಂಪು ಮಾಡಬೇಕಾಯಿತು. ಮಾಸ್ತರರು ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಆದ್ದರಿಂದ ನೆಟ್ ಇಲ್ಲದೆ ನಡೆಯುವುದನ್ನೇ ಆರಿಸಬೇಕು. ಅಕ್ಷರ ಫೌಂಡೇಶನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಗಣಿತದ ಆ್ಯಪ್ ಕನ್ನಡದಲ್ಲಿದೆ, ಉಚಿತ, ಒಮ್ಮೆ ಇಳಿಸಿಕೊಂಡರೆ ಸಾಕು. ಸರಕಾರಿ ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ತೆರೆಯುವ ದೀಕ್ಷಾದ ಪಾಠಗಳನ್ನೂ ತಾಲೂಕು ಊರಿನಲ್ಲಿ ಇಳಿಸಿಕೊಂಡು ಹಳ್ಳಿಗೆ ಒಯ್ಯಬಹುದು.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ನಮ್ಮ ಸಿದ್ದಿ ಮಕ್ಕಳ ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಗೌಳಿಗರಲ್ಲಿ ಮರಾಠಿಯ ಒಂದು ಬಗೆ, ತಾಂಡಾದ ಮಕ್ಕಳಿಗೆ ಲಂಬಾಣಿ. ಬೆಂಗಳೂರಿನ ಕನ್ನಡದಲ್ಲಿ ಮಾತಾಡುವ ಆ್ಯಪು ಈ ಮಗುವಿಗೆ ಅರ್ಥವಾಗದ್ದನ್ನು ‘ದಡ್ಡತನ’ ಎಂದು ಲೆಕ್ಕ ಹಾಕಿ ಇನ್ನೂ ಕೆಳಗಿನ ಮೆಟ್ಟಿಲಿಗೆ ತಳ್ಳಿಬಿಡಬಹುದು. ಮಗು ಲೆಕ್ಕ ತಪ್ಪಿದ್ದೋ, ಪದ ತಿಳಿಯದ್ದೋ ಎಂದು ನೋಡಿ ಹೇಳುವುದಕ್ಕೆ ಪಕ್ಕದಲ್ಲಿ ಮನುಷ್ಯರೇ ಬೇಕು. ಶರಣರು ಸಂಸ್ಕೃತ ಬಿಟ್ಟು ಆಡುಮಾತನ್ನು ಹಿಡಿದದ್ದು ಏಕೆಂದು ವರ್ಷಕ್ಕೊಮ್ಮೆ ಭಾಷಣ ಮಾಡುವ ನಾವು, ನಮ್ಮ ಮಠದ ಶಾಲೆಗಳಿಗೇ ಇಂಗ್ಲಿಷಿನ ಟ್ಯಾಬ್ ತರಿಸಿ ಅದರ ಬೆಲೆಯನ್ನು ಫೀಯಲ್ಲಿ ಸೇರಿಸುತ್ತಿರುವುದು ಸರಿಯೇ? ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

‘ಉಚಿತ’ ಎಂಬ ಮಾತಿಗೂ ಬೆಲೆ ಇರುತ್ತದೆ. 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ ನೂರಾ ಅರವತ್ತಕ್ಕೂ ಹೆಚ್ಚು ಕಲಿಕಾ ಆ್ಯಪ್‌ ಮತ್ತು ಜಾಲತಾಣಗಳನ್ನು ಪರಿಶೀಲಿಸಿ, ಅವುಗಳಲ್ಲಿ ಬಹುಪಾಲು ಮಕ್ಕಳ ಖಾಸಗಿತನಕ್ಕೆ ಅಪಾಯ ಒಡ್ಡುವಂತೆ ಮಾಹಿತಿ ಬಳಸುತ್ತಿವೆ ಎಂದು ವರದಿ ಮಾಡಿತು. ನಮ್ಮ ದೇಶದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಮಠದ ಹೆಸರು ನಂಬಿ ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ. ಆ ನಂಬಿಕೆಯನ್ನು ಕಂಪನಿಯ ಕೈಗೆ ಕೊಡುವ ಮುಂಚೆ ಟ್ರಸ್ಟಿನವರು ಷರತ್ತುಗಳನ್ನು ಓದಬೇಕು. ಆಗದಿದ್ದರೆ, ಮಗುವಿನ ಹೆಸರು, ನಂಬರು ಕೇಳುವ ಯಾವ ಆ್ಯಪನ್ನೂ ಹಾಕಬಾರದು.

ತಂತ್ರಜ್ಞಾನಕ್ಕೆ ಹೆದರುವ ಪರಂಪರೆ ನಮ್ಮದಲ್ಲ. ಓಲೆಗರಿಯಲ್ಲಿ ಹುಳ ಹಿಡಿಯುತ್ತಿದ್ದ ವಚನಗಳಿಗಾಗಿ ಫ.ಗು. ಹಳಕಟ್ಟಿಯವರು ಮನೆ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ತಂದರು. ಅಂದಿನ ಹೊಸ ಯಂತ್ರ ಅದು. ಅಚ್ಚಿನ ಮೊಳೆ ಜೋಡಿಸುವುದರ ಜೊತೆಗೆ ಕರಡು ತಿದ್ದುತ್ತಾ, ಪುಸ್ತಕ ಹೊತ್ತು ತಿರುಗುತ್ತಾ ಅವರು ಅದರ ಪಕ್ಕದಲ್ಲೇ ಬಾಳು ಸವೆಸಿದರು.

ಆ ತಾಯಿಗೆ ಅಂದು ನಾವು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಆಗಲಿಲ್ಲ. ಸಂಜೆ ಬಾಗಿಲು ತೆರೆದಿರುವ ಜಾಗ ಮಠದಲ್ಲಿ ಆದರೆ ಮಗಳನ್ನು ಕಳಿಸುವಿರಾ ಎಂದಷ್ಟೇ ಕೇಳಿದೆವು. “ಹೆಣ್ಮಗಳು ಯಾರರ ಇದ್ರ ಕಳಸ್ತೀನ್ರಿ, ಕತ್ತಲಾಗೂದ್ರಾಗ ಬಿಟ್ರ” ಎಂದರು. ಹೊತ್ತು, ಬಾಗಿಲು, ಕಾಯುವವರು ಎಲ್ಲವನ್ನೂ ಆಕೆ ಒಂದೇ ಮಾತಿನಲ್ಲಿ ಗೊತ್ತುಮಾಡಿದ್ದರು. ಇಂಥ ಪಡಸಾಲೆ ನಿಮ್ಮ ಮಠದಲ್ಲಿ ಆಗಲೇ ನಡೆದಿದ್ದರೆ, ಎಷ್ಟು ಗಂಟೆಗೆ ತೆರೆಯುತ್ತೀರಿ, ಎಷ್ಟು ಹೆಣ್ಣುಮಕ್ಕಳು ಬರುತ್ತಾರೆ, ಯಾವುದು ಕೈಕೊಟ್ಟಿತು ಎಂದು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.