ಹರಕೆಯ ಪಕ್ಕದಲ್ಲಿ ಅಳಲಿಗೂ ಜಾಗ

ದುಃಖದಲ್ಲಿರುವವರಿಗೆ ಸಮಾಧಾನ ಹೇಳುವಾಗ ಮಂಡ್ಯ ಸೀಮೆಯ ಮನೆಗಳಲ್ಲಿ ಕೇಳಿಬರುವ ಮಾತು ‘ದೇವ್ರು ಇಷ್ಟಾದ್ರೂ ಉಳ್ಸವ್ನಲ್ಲ, ಅದ್ಕೆ ಕೈ ಮುಗಿ’ ಎಂಬುದು. ಈ ಮಾತಿನಲ್ಲಿ ಕಾಳಜಿಯಿದೆ. ಫಸಲು ಹೋದರೂ ಜಮೀನು ಉಳಿದಿದೆ, ಒಬ್ಬರು ಹೋದರೂ ಉಳಿದವರು ಜೊತೆಗಿದ್ದಾರೆ ಎಂಬ ಬಾಳಿನ ತಿಳಿವಳಿಕೆಯೂ ಇದೆ. ಆದರೆ ನೊಂದವರು ತಮ್ಮ ನೋವನ್ನು ಹೇಳಿಕೊಳ್ಳುವ ಮೊದಲೇ ಈ ಮಾತು ಎದುರಾದರೆ ಕೃತಜ್ಞತೆ, ಅಂದರೆ ಪಡೆದ ಉಪಕಾರವನ್ನು ಅರಿತು ನೆನೆಯುವ ಗುಣ, ಅವರ ಬಾಯಿ ಮುಚ್ಚಿಸುವ ಸಾಧನವಾಗುತ್ತದೆ. ಅತ್ತರೆ ಉಪಕಾರ ಮರೆತಂತೆ ಎಂಬ ಅಳುಕು ಮೂಲ ದುಃಖದ ಮೇಲೆ ಇನ್ನೊಂದು ಹೊರೆಯಾಗಿ ಕೂರುತ್ತದೆ.

ಶ್ರೀರಂಗಪಟ್ಟಣ ದ್ವೀಪದ ಪೂರ್ವ ಭಾಗದಲ್ಲಿರುವ ಗಂಜಾಂ ಈ ಎರಡೂ ಭಾವಗಳಿಗೆ ಒಂದೇ ಹೊಳೆಯ ದಂಡೆಯಲ್ಲಿ ಎಡೆ ಕೊಟ್ಟಿದೆ. ಇಲ್ಲಿನ ನಿಮಿಷಾಂಬಾ ದೇವಾಲಯಕ್ಕೆ ಬರುವವರಲ್ಲಿ ಅನೇಕರು ಹರಕೆ ತೀರಿಸಲು, ಅಂದರೆ ಕೋರಿಕೆ ಈಡೇರಿದರೆ ಸಲ್ಲಿಸುವುದಾಗಿ ದೇವರಿಗೆ ಮಾತು ಕೊಟ್ಟ ಸೇವೆಯನ್ನು ಸಲ್ಲಿಸಲು ಬರುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಸಂಗಮದಲ್ಲಿ, ದ್ವೀಪವನ್ನು ಬಳಸಿ ಬಂದ ಕಾವೇರಿಯ ಎರಡು ಕವಲುಗಳು ಮತ್ತೆ ಕೂಡುವಲ್ಲಿ, ಬಾಯಿಗೆ ಬಟ್ಟೆ ಕಟ್ಟಿದ ಕುಡಿಕೆಯಲ್ಲಿ ಅಸ್ಥಿ ತಂದವರು ನೀರಿಗಿಳಿಯುತ್ತಾರೆ. ಮಗುವಿನ ಹರಕೆಗೆಂದು ಒಂದು ವರ್ಷ ಗುಡಿಯ ಮೆಟ್ಟಿಲು ಹತ್ತಿದ ಕುಟುಂಬವೇ ಇನ್ನೊಂದು ವರ್ಷ ಹಿರಿಯರ ಅಸ್ಥಿಯೊಂದಿಗೆ ಸಂಗಮಕ್ಕೆ ಬರುವುದುಂಟು. ಸಾವಿನ ಮನೆಯಲ್ಲಿ ಶುಭಕಾರ್ಯಗಳನ್ನು ತಡೆದು ನಿಲ್ಲಿಸುವ ನಿಯಮಿತ ಅವಧಿಯಾದ ಸೂತಕವು, ಅದರ ಮಡಿ-ಮೈಲಿಗೆಯ ಲೆಕ್ಕ ಏನೇ ಇರಲಿ, ಹಬ್ಬ ಮಾಡದೆ ಇರುವ ಹಕ್ಕನ್ನು ದುಃಖಿತರಿಗೆ ಕೊಡುತ್ತದೆ; ಆ ದಿನಗಳಲ್ಲಿ ಅವರಿಂದ ನಗುಮುಖವನ್ನು ಯಾರೂ ಬಯಸುವುದಿಲ್ಲ.

ಕೃತಜ್ಞತೆಯೂ ಅಳಲೂ ಒಂದೇ ಮೂಲದಿಂದ ಹುಟ್ಟಬಲ್ಲವು ಎಂಬುದಕ್ಕೆ ಗಂಜಾಂನಿಂದ ಹೊಳೆಯ ಮೇಲ್ಭಾಗದಲ್ಲಿರುವ ಕನ್ನಂಬಾಡಿ ಕಟ್ಟೆಯೇ ಸಾಕ್ಷಿ. 1911ರಲ್ಲಿ ಕೆಲಸ ಆರಂಭವಾದ ಈ ಅಣೆಕಟ್ಟು ಮಳೆಯನ್ನೇ ನೆಚ್ಚಿದ್ದ ಬಯಲನ್ನು ಭತ್ತ ಮತ್ತು ಕಬ್ಬಿನ ನಾಡಾಗಿಸಿತು. ಆದ್ದರಿಂದಲೇ ಅದನ್ನು ಕಟ್ಟಿಸಿದ ಮೈಸೂರಿನ ಅರಸ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ಎಂಜಿನಿಯರ್ ವಿಶ್ವೇಶ್ವರಯ್ಯನವರ ಭಾವಚಿತ್ರಗಳು ಇಲ್ಲಿನ ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿವೆ. ಅದೇ ನೀರಿನಡಿ ಹಳೆಯ ಕನ್ನಂಬಾಡಿ ಗ್ರಾಮ ಮುಳುಗಿತು. ಬರಗಾಲದಲ್ಲಿ ಜಲಾಶಯ ತಗ್ಗಿದಾಗ ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯ ತಲೆಯೆತ್ತಿ ಕಾಣಿಸಿಕೊಳ್ಳುತ್ತಿತ್ತು, ಮುಂದೆ ಅದರ ಕಲ್ಲುಗಳನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಯಿತು. ಜಲಾಶಯ 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಿದಾಗ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಧಾನ್ಯಗಳನ್ನಿಟ್ಟು ಹೊಳೆಗೆ ಅರ್ಪಿಸುವ ಬಾಗಿನದ ಸಂಭ್ರಮ ನಡೆಯುತ್ತದೆ. ಒಳಹರಿವು ಮಿತಿಮೀರಿ ಹೊರಬಿಟ್ಟ ನೀರು ಲಕ್ಷ ಕ್ಯೂಸೆಕ್ ದಾಟಿದ ವರ್ಷಗಳಲ್ಲಿ ಅದೇ ಹೊಳೆ ನಿಮಿಷಾಂಬೆಯ ಸ್ನಾನಘಟ್ಟದ ಮೆಟ್ಟಿಲುಗಳನ್ನೂ ದಂಡೆಯ ಗದ್ದೆಗಳನ್ನೂ ಮುಳುಗಿಸುತ್ತದೆ. ಬಾಗಿನ ಕೊಟ್ಟ ಮಾತ್ರಕ್ಕೆ ನೆರೆಯ ನಷ್ಟ ಸುಳ್ಳಾಗುವುದಿಲ್ಲ, ನಷ್ಟದ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ನಿಂತ ರೈತ ಕಾವೇರಿಗೆ ಕೃತಘ್ನನಾಗುವುದೂ ಇಲ್ಲ.

ಮನೋವಿಜ್ಞಾನದ ಅಧ್ಯಯನಗಳೂ ಈ ವಿವೇಕವನ್ನು ಅಲ್ಲಗಳೆಯುವುದಿಲ್ಲ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೃತಜ್ಞರಾಗಿರಲು ಕಾರಣವಾದ ಸಂಗತಿಗಳನ್ನು ವಾರಕ್ಕೊಮ್ಮೆ ಬರೆದವರು ದಿನನಿತ್ಯದ ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬಾಳಿನ ಬಗ್ಗೆ ಹೆಚ್ಚು ನೆಮ್ಮದಿ ಸೂಚಿಸಿದರು. ಇನ್ನೊಂದೆಡೆ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1990ರ ದಶಕದಲ್ಲಿ ಭಾವದಮನವನ್ನು, ಅಂದರೆ ಒಳಗಿನ ಭಾವ ಹೊರಗೆ ಕಾಣದಂತೆ ಹತ್ತಿಕ್ಕುವುದನ್ನು, ಪರೀಕ್ಷಿಸಿದಾಗ, ಮುಖದ ಮೇಲಿನ ದುಃಖ ಅಡಗಿದರೂ ಅನುಭವಿಸುವ ದುಃಖ ಕಡಿಮೆಯಾಗದೆ ದೇಹದ ಉದ್ವೇಗ ಮಾತ್ರ ಹೆಚ್ಚಿದ್ದು ಕಂಡುಬಂತು. ಒಳಿತನ್ನು ನೆನೆಯುವುದು ಹಿತ, ನೋವನ್ನು ನುಂಗುವುದು ಹಿತವಲ್ಲ ಎಂಬ ಈ ಎರಡು ಫಲಿತಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು.

ದಾಸ ಸಾಹಿತ್ಯಕ್ಕೆ ಈ ದಾರಿ ಹೊಸದಲ್ಲ. ನಿಂದಾಸ್ತುತಿ, ಅಂದರೆ ದೇವರನ್ನು ಬಯ್ಯುತ್ತಲೇ ಕೊಂಡಾಡುವ ರಚನಾಪ್ರಕಾರ, ದೂರನ್ನು ಭಕ್ತಿಯ ಒಳಗೇ ಸೇರಿಸಿಕೊಂಡಿತು. ಬಯ್ಯುವಷ್ಟು ಸಲಿಗೆಯಿಲ್ಲದ ಕಡೆ ನಂಬಿಕೆಯೂ ಗಟ್ಟಿಯಲ್ಲ ಎಂಬುದು ಅದರ ಒಳಗಿನ ತರ್ಕ.

ಆದ್ದರಿಂದ ಸಮಾಧಾನ ಹೇಳುವವರ ಮಾತು ಬದಲಾಗಬೇಕಿಲ್ಲ, ಅದರ ಸರದಿ ಬದಲಾದರೆ ಸಾಕು. ಮೊದಲು ಹೋದದ್ದರ ಬಗ್ಗೆ ಕೇಳಿ, ಅಳುವಷ್ಟು ಅಳಲು ಬಿಟ್ಟು, ಉಳಿದದ್ದರ ನೆನಪನ್ನು ನೊಂದವರೇ ಎತ್ತುವವರೆಗೆ ತಾಳ್ಮೆಯಿಂದಿರುವುದು ನೆಂಟರಿಗೂ ನೆರೆಹೊರೆಯವರಿಗೂ ಆಗದ ಕೆಲಸವಲ್ಲ. ಹಾಗೆ ತಾವಾಗಿಯೇ ಮುಗಿದ ಕೈಯಲ್ಲಿ ಒತ್ತಾಯ ಇರುವುದಿಲ್ಲ. ಇನ್ನೊಬ್ಬರ ಒತ್ತಾಯಕ್ಕೆ ಮುಗಿದ ಕೈ ವಂದನೆಯಂತೆ ಕಂಡರೂ ಅದು ಶರಣಾಗತಿಯಷ್ಟೇ.