ಓಟಕ್ಕೆ ಮುಂಚಿನ ಏಳು ದಿನ

ಪರೀಕ್ಷೆ ಹತ್ತಿರ ಬಂದಾಗ ಎರಡು ಬಗೆಯ ಹುಡುಗರನ್ನು ಯಾವ ಊರಿನಲ್ಲಾದರೂ ಕಾಣಬಹುದು. ಒಬ್ಬ ವರ್ಷವಿಡೀ ಓದಿ, ಕೊನೆಯ ವಾರ ಪುಸ್ತಕವನ್ನು ಒಮ್ಮೆ ತಿರುವಿಹಾಕಿ ಹೊತ್ತಿಗೆ ಸರಿಯಾಗಿ ಮಲಗುತ್ತಾನೆ. ಇನ್ನೊಬ್ಬ ವರ್ಷದ ಪಾಠವನ್ನೆಲ್ಲ ಅದೊಂದೇ ವಾರದಲ್ಲಿ ತಲೆಗೆ ತುಂಬಿಕೊಳ್ಳಲು ಹೊರಟು, ಪರೀಕ್ಷೆಯ ದಿನ ಕೆಂಗಣ್ಣಿನಲ್ಲಿ ಬಂದು ಕೂರುತ್ತಾನೆ. ಎರಡನೆಯವನಿಗೂ ಒಮ್ಮೊಮ್ಮೆ ಅದೃಷ್ಟ ಒಲಿಯುವುದುಂಟು. ಓದಿದ ಎರಡೇ ಪಾಠದಿಂದ ಪ್ರಶ್ನೆಗಳು ಬಂದುಬಿಡಬಹುದು. ಆದರೆ ಅರ್ಧ ಮ್ಯಾರಥಾನ್ ಓಟದ ಪ್ರಶ್ನೆಪತ್ರಿಕೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ: 21 ಕಿಲೋಮೀಟರ್ ಮತ್ತು 97.5 ಮೀಟರ್. ಅಲ್ಲಿ ಅದೃಷ್ಟದ ಆಟ ನಡೆಯದು.

ಈ ವಿಚಿತ್ರ ಅಂಕಿ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ಆ ಕೂಟದಲ್ಲಿ ಮ್ಯಾರಥಾನ್ ಓಟದ ದೂರ 42.195 ಕಿ.ಮೀ. ಆಗಿತ್ತು. 1921ರಲ್ಲಿ ಅದೇ ದೂರವನ್ನು ಕಾಯಂ ಮಾಡಲಾಯಿತು. ಅದರ ಅರ್ಧವೇ ಅರ್ಧ ಮ್ಯಾರಥಾನ್. 2004ರಲ್ಲಿ ಮುಂಬೈ ಮ್ಯಾರಥಾನ್, 2005ರಲ್ಲಿ ದೆಹಲಿ ಅರ್ಧ ಮ್ಯಾರಥಾನ್ ಆರಂಭವಾದ ಮೇಲೆ ಈ ಓಟದ ಗೀಳು ಭಾರತದ ಸಣ್ಣ ಪಟ್ಟಣಗಳಿಗೂ ಹಬ್ಬಿತು. ದೊಡ್ಡ ಕೂಟಗಳಲ್ಲಿ ಈ ದೂರಕ್ಕೆ 18 ವರ್ಷ ತುಂಬಿರಬೇಕೆಂಬುದು ಸಾಮಾನ್ಯ ನಿಯಮ. ಹಾಗಾಗಿ ಪಿಯುಸಿ ಮುಗಿಸಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರು ಮೊದಲ ಬಾರಿಗೆ ಹೆಸರು ಕೊಡುವುದು ಇದಕ್ಕೇ. 2024ರ ಅಕ್ಟೋಬರ್‌ನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಇಥಿಯೋಪಿಯಾದ ಯೋಮಿಫ್ ಕೆಜೆಲ್ಚಾ ಇಷ್ಟು ದೂರವನ್ನು 57 ನಿಮಿಷ 30 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಮೊದಲ ಸಲ ಓಡುವವರಿಗೆ ಎರಡೂವರೆ ಗಂಟೆ ಬೇಕಾಗಬಹುದು. ಮೂರು ತಿಂಗಳು ಅಭ್ಯಾಸ ಮಾಡಿರುವ, 60 ಕಿಲೋ ತೂಕದ ಅಂಥ ಒಬ್ಬ ವಿದ್ಯಾರ್ಥಿಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಅವನ ಓಟ ಬರುವ ಭಾನುವಾರ ಬೆಳಿಗ್ಗೆ ಇದೆ. ಈ ಏಳು ದಿನ ಅವನು ಮಾಡಬೇಕಾದದ್ದೇನು?

ಮೊದಲ ಉತ್ತರ ಹುಡುಗರಿಗೆ ರುಚಿಸುವುದಿಲ್ಲ. ಕಡಿಮೆ ಓಡಬೇಕು. ಓಡಿದಾಗ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಹರಿತಗಳಾಗುತ್ತವೆ. ದೇಹ ಅವನ್ನು ರಿಪೇರಿ ಮಾಡುವಾಗ ಮೊದಲಿಗಿಂತ ಗಟ್ಟಿ ಮಾಡುತ್ತದೆ. ಶಕ್ತಿ ಬರುವುದು ಓಡುವಾಗಲ್ಲ, ಓಡಿದ ನಂತರದ ವಿಶ್ರಾಂತಿಯಲ್ಲಿ. ಈ ಕೆಲಸಕ್ಕೆ ವಾರಕ್ಕಿಂತ ಹೆಚ್ಚು ಕಾಲ ಬೇಕು. ಆದ್ದರಿಂದ ಮಂಗಳವಾರ ಉತ್ಸಾಹದಲ್ಲಿ 18 ಕಿ.ಮೀ. ಓಡಿದರೆ ಅದರ ದಣಿವು ಭಾನುವಾರದ ಖಾತೆಗೆ ಬರುತ್ತದೆ, ಲಾಭ ಮಾತ್ರ ಓಟ ಮುಗಿದ ಮೇಲೆ ಬರುತ್ತದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯ ಪ್ರಕಾರ, ಸ್ಪರ್ಧೆಗೆ ಮುಂಚಿನ ಸುಮಾರು ಎರಡು ವಾರ ಅಭ್ಯಾಸದ ಪ್ರಮಾಣವನ್ನು ಶೇ. 41ರಿಂದ 60ರಷ್ಟು ತಗ್ಗಿಸಿ, ವೇಗವನ್ನು ಮಾತ್ರ ತಗ್ಗಿಸದೆ ಇದ್ದವರಿಗೆ ಹೆಚ್ಚು ಪ್ರಯೋಜನವಾಗಿದೆ. ವಾರಕ್ಕೆ 40 ಕಿ.ಮೀ. ಓಡುತ್ತಿದ್ದವನು ಈ ವಾರ 16ರಿಂದ 20 ಕಿ.ಮೀ.ಗೆ ಇಳಿಯಬೇಕು. ಇದನ್ನು ಮಂಗಳವಾರ, ಗುರುವಾರ, ಬೇಕೆನಿಸಿದರೆ ಶನಿವಾರಕ್ಕೂ ಹಂಚಿಕೊಳ್ಳಬೇಕು. ಗುರುವಾರದ ಓಟದಲ್ಲಿ ಒಂದೆರಡು ಕಿಲೋಮೀಟರನ್ನು ಭಾನುವಾರದ ವೇಗದಲ್ಲೇ ಓಡಿದರೆ ಕಾಲಿಗೆ ಆ ಲಯ ಮರೆಯುವುದಿಲ್ಲ.

ಹೀಗೆ ಓಟ ಕಡಿಮೆ ಮಾಡಿದ ಮೂರನೆಯ ದಿನಕ್ಕೆ ಒಂದು ತಮಾಷೆ ನಡೆಯುತ್ತದೆ. ಕಾಲು ಹಗುರಾಗುವ ಬದಲು ಭಾರವೆನಿಸುತ್ತದೆ. ತೂಕ ನೋಡಿದರೆ ಒಂದು ಕಿಲೋ ಏರಿರುತ್ತದೆ. ಹುಡುಗ ಗಾಬರಿಯಾಗಿ ಮತ್ತೆ ಓಡಲು ಹೊರಡುತ್ತಾನೆ. ಅವನನ್ನು ತಡೆಯಬೇಕಾದರೆ ಸ್ವೀಡನ್ನಿನಲ್ಲಿ ನಡೆದ ಒಂದು ಪ್ರಯೋಗವನ್ನು ಹೇಳಬೇಕಾಗುತ್ತದೆ.

ಯೋನಾಸ್ ಬೆರಿಸ್ಟ್ರಾಮ್ ಮತ್ತು ಎರಿಕ್ ಹುಲ್ಟ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಬದಿಗಳಲ್ಲಿ ಇಬ್ಬರೂ ಕೂತು, ಪ್ರತಿಯೊಬ್ಬರೂ ಒಂದೊಂದೇ ಕಾಲಿನಿಂದ ತುಳಿದರು. ತುಳಿದ ಕಾಲು ಸುಸ್ತಾಗುವವರೆಗೂ ತುಳಿದರು. ಇನ್ನೊಂದು ಕಾಲು ಸುಮ್ಮನಿತ್ತು. ಮುಂದಿನ ಮೂರು ದಿನ ಶರ್ಕರಪಿಷ್ಟ ಹೆಚ್ಚಾಗಿರುವ ಊಟ ಮಾಡಿದರು. ಪ್ರತಿದಿನ ತಮ್ಮದೇ ತೊಡೆಗಳಿಗೆ ದಪ್ಪ ಸೂಜಿ ಚುಚ್ಚಿಸಿಕೊಂಡು ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಉಂಡದ್ದು ಒಂದೇ ಹೊಟ್ಟೆ, ಹರಿದದ್ದು ಒಂದೇ ರಕ್ತ. ಆದರೂ ದುಡಿದ ಕಾಲಿನಲ್ಲಿ ಕೂಡಿಕೊಂಡ ಗ್ಲೈಕೊಜೆನ್ ದುಡಿಯದ ಕಾಲಿನದಕ್ಕಿಂತ ಸುಮಾರು ಎರಡು ಪಟ್ಟಿತ್ತು! ಖಾಲಿಯಾದ ಕಣಜ ಮೊದಲಿಗಿಂತ ಹೆಚ್ಚು ತುಂಬಿಕೊಳ್ಳುತ್ತದೆ ಎಂಬ ಸಂಗತಿ ಹೀಗೆ ಬೆಳಕಿಗೆ ಬಂತು. ಬೇರೆಯವರನ್ನು ಹುಡುಕದೆ ತಮ್ಮ ತೊಡೆಯನ್ನೇ ಸೂಜಿಗೆ ಒಡ್ಡಿದ ಇಂಥ ಪ್ರಯೋಗ ಪಠ್ಯಪುಸ್ತಕದಲ್ಲಿ ಇರಬೇಕಿತ್ತು.

ಗ್ಲೈಕೊಜೆನ್ ಎಂದರೆ ದೇಹ ಕೂಡಿಟ್ಟುಕೊಳ್ಳುವ ಪಿಷ್ಟ. ಪ್ರತಿ ಗ್ರಾಂ ಗ್ಲೈಕೊಜೆನ್ ಸುಮಾರು ಮೂರು ಗ್ರಾಂ ನೀರನ್ನೂ ಜೊತೆಗೆ ಹಿಡಿದಿಟ್ಟುಕೊಳ್ಳುತ್ತದೆ. ಏರಿದ ಒಂದು ಕಿಲೋ ತೂಕ ಹೆಚ್ಚುಪಾಲು ಈ ನೀರು. ಕಾಲು ಭಾರವೆನಿಸಿದರೆ ಕಣಜ ತುಂಬುತ್ತಿದೆ ಎಂದು ತಿಳಿದು ಸುಮ್ಮನಿರಬೇಕು.

ಸ್ವೀಡನ್ನಿನ ಪ್ರಯೋಗ ಪ್ರಸಿದ್ಧವಾದ ಮೇಲೆ ಓಟಗಾರರು ಮೊದಲು ಮೂರು ದಿನ ಅನ್ನ, ರೊಟ್ಟಿ ಬಿಟ್ಟು ದೇಹವನ್ನು ಖಾಲಿ ಮಾಡಿ, ಮತ್ತೆ ಮೂರು ದಿನ ಗಂಟಲವರೆಗೆ ತಿನ್ನುವ ಪದ್ಧತಿ ಹಿಡಿದರು. ಅಷ್ಟು ಹಿಂಸೆ ಬೇಕಿಲ್ಲ, ಓಟ ಕಡಿಮೆ ಮಾಡಿ ಶರ್ಕರಪಿಷ್ಟವನ್ನು ಸ್ವಲ್ಪ ಹೆಚ್ಚಿಸಿದರೂ ಬಹುತೇಕ ಅಷ್ಟೇ ಗ್ಲೈಕೊಜೆನ್ ಕೂಡುತ್ತದೆ ಎಂದು 1981ರ ಒಂದು ಅಧ್ಯಯನ ತೋರಿಸಿತು. ಅದಿರಲಿ, ಅರ್ಧ ಮ್ಯಾರಥಾನ್‌ಗೆ ಎಷ್ಟು ಬೇಕು? ಲೆಕ್ಕ ಸುಲಭ. ಓಡುವಾಗ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. 60 ಕಿಲೋದ ಹುಡುಗನಿಗೆ 21 ಕಿ.ಮೀ.ಗೆ 1,260. ಅವನ ಸ್ನಾಯುಗಳಲ್ಲಿ 300ರಿಂದ 400 ಗ್ರಾಂ, ಯಕೃತ್ತಿನಲ್ಲಿ 80ರಿಂದ 100 ಗ್ರಾಂ ಗ್ಲೈಕೊಜೆನ್ ಇರಬಹುದು. ಗ್ರಾಂಗೆ ನಾಲ್ಕು ಕಿಲೋಕ್ಯಾಲೊರಿಯಂತೆ 1,500ಕ್ಕೆ ಮೇಲಾಯಿತು. ಇದರಲ್ಲಿ ಒಂದು ಕಳೆಯುವ ಲೆಕ್ಕವಿದೆ. ತೋಳಿನ ಸ್ನಾಯುವಿನಲ್ಲಿರುವ ಗ್ಲೈಕೊಜೆನ್ ಕಾಲಿನ ಸಹಾಯಕ್ಕೆ ಬರುವುದಿಲ್ಲ. ಅದನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುವ ಕಿಣ್ವ ಸ್ನಾಯುವಿನಲ್ಲಿಲ್ಲ, ಯಕೃತ್ತಿನಲ್ಲಿದೆ. ಕೂಡಿಸುವ ಲೆಕ್ಕವೂ ಇದೆ: ಓಡುವಾಗ ಕೊಬ್ಬೂ ಉರಿಯುತ್ತದೆ. ಒಟ್ಟಿನಲ್ಲಿ ಕಣಜ ತುಂಬಿದ್ದರೆ ಸಾಕು, ಉಕ್ಕಬೇಕಾಗಿಲ್ಲ. ಪೂರ್ಣ ಮ್ಯಾರಥಾನ್‌ನ 2,500 ಕಿಲೋಕ್ಯಾಲೊರಿಯ ಕಥೆ ಬೇರೆ.

ಇದನ್ನು ಅಡುಗೆಮನೆಯ ಭಾಷೆಗೆ ತಂದರೆ, ಕೊನೆಯ ಎರಡು ದಿನ ಕಿಲೋ ತೂಕಕ್ಕೆ ಆರು ಗ್ರಾಂನಂತೆ ದಿನಕ್ಕೆ 360 ಗ್ರಾಂ ಶರ್ಕರಪಿಷ್ಟ ಸಾಕು. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂನಷ್ಟಿರುತ್ತದೆ. ಅಂದರೆ ದಿನದ ಇಡ್ಲಿ, ಅನ್ನ, ಚಪಾತಿ, ಬಾಳೆಹಣ್ಣು ಎಲ್ಲ ಸೇರಿ ಅರ್ಧ ಕಿಲೋ ಅಕ್ಕಿಗೆ ತುಸು ಕಡಿಮೆ. ಬೆಳೆಯುವ ವಯಸ್ಸಿನ ಹುಡುಗನಿಗೆ ಇದೇನೂ ಹೊಸದಲ್ಲ. ತಾಯಂದಿರು ಮಗ ಓಡುತ್ತಾನೆಂದು ಶನಿವಾರ ರಾತ್ರಿ ತುಪ್ಪದ ಹೋಳಿಗೆ ಬಡಿಸುವುದುಂಟು. ತುಪ್ಪದಲ್ಲಿ ಶಕ್ತಿಯಿರುವುದು ನಿಜ, ಗ್ರಾಂಗೆ ಒಂಬತ್ತು ಕಿಲೋಕ್ಯಾಲೊರಿ. ಆದರೆ ಜಿಡ್ಡಿನ ಊಟ ಜಠರದಿಂದ ನಿಧಾನವಾಗಿ ಇಳಿಯುತ್ತದೆ. ಹೋಳಿಗೆಯನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟರೆ ಎರಡರಷ್ಟು ಖರ್ಚಾದೀತು. ಶನಿವಾರಕ್ಕೆ ಅನ್ನ, ತಿಳಿಸಾರು, ಮೊಸರು ಸಾಕು; ಕಾಳು, ಸೊಪ್ಪು, ನಾರಿನ ಪದಾರ್ಥ ಅಂದು ಒಂದು ದಿನ ಕಡಿಮೆ. ಮನೆಯಲ್ಲಿ ಎಂದೂ ತಿನ್ನದ ಯಾವ ಪುಡಿ, ಪೇಯ, ಮಾತ್ರೆಯನ್ನೂ ಆ ವಾರ ಪರೀಕ್ಷಿಸಬಾರದು. ಅಂಗಡಿಯವನು ಎಷ್ಟೇ ಹೊಗಳಲಿ.

ಇನ್ನು ನೀರು. ಇಲ್ಲಿ ಒಂದು ಹಳೆಯ ತಪ್ಪು ತಿಳಿವಳಿಕೆ ಪ್ರಾಣಕ್ಕೇ ಎರವಾಗಿದೆ. ಬಾಯಾರುವ ಮೊದಲೇ ಕುಡಿಯಬೇಕು, ಎಷ್ಟು ಕುಡಿದರೂ ಒಳ್ಳೆಯದೇ ಎಂದು ಓಟಗಾರರಿಗೆ ಬಹಳ ಕಾಲ ಹೇಳಲಾಗುತ್ತಿತ್ತು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಒಬ್ಬ ಯುವತಿ ಓಟದ ನಡುವೆ ವಿಪರೀತ ದ್ರವ ಕುಡಿದು ಕುಸಿದು, ಮುಂದೆ ತೀರಿಕೊಂಡಳು. ಅದೇ ಓಟದಲ್ಲಿ 488 ಜನರ ರಕ್ತವನ್ನು ಸಂಶೋಧಕರು ಪರೀಕ್ಷಿಸಿದ್ದರು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶೇ. 13 ಮಂದಿಯ ರಕ್ತದ ಸೋಡಿಯಂ ತಗ್ಗಿದ್ದುದು ಕಂಡುಬಂತು, ಮೂವರಲ್ಲಿ ಅಪಾಯದ ಮಟ್ಟಕ್ಕೆ ಇಳಿದಿತ್ತು. ಓಡಿ ಮುಗಿಸಿದಾಗ ತೂಕ ಇಳಿಯುವ ಬದಲು ಏರಿದ್ದವರಲ್ಲಿ ಈ ತೊಂದರೆ ಹೆಚ್ಚು. ಬೆವರಿದ್ದಕ್ಕಿಂತ ಹೆಚ್ಚು ಕುಡಿದಾಗ ರಕ್ತದ ಲವಣ ತೆಳುವಾಗುತ್ತದೆ, ನೀರು ಜೀವಕೋಶಗಳೊಳಕ್ಕೆ ನುಗ್ಗುತ್ತದೆ, ಮಿದುಳು ಊದಿಕೊಳ್ಳುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ ಆಸ್ಮಾಸಿಸ್ ಪಾಠ ಕಲಿತ ಯಾವ ಹೈಸ್ಕೂಲು ವಿದ್ಯಾರ್ಥಿಗೂ ಇದು ಅರ್ಥವಾಗುತ್ತದೆ.

ಬೆವರಿನ ಲೆಕ್ಕವನ್ನೂ ಹಾಕಬಹುದು. 1,260 ಕಿಲೋಕ್ಯಾಲೊರಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಶಾಖವಾಗಿ ಹೊರಬೀಳಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಎಲ್ಲ ಶಾಖವೂ ಬೆವರಿನಿಂದಲೇ ಹೋಗಬೇಕೆಂದರೆ ಒಂದೂ ಮುಕ್ಕಾಲು ಲೀಟರಿನಷ್ಟು ಬೇಕು. ಬೆಂಗಳೂರಿನ ತಂಪು ಬೆಳಗಿನಲ್ಲಿ ಗಾಳಿಯೂ ಒಂದಷ್ಟು ಶಾಖವನ್ನು ಒಯ್ಯುತ್ತದೆ. ಮಂಗಳೂರು, ಮುಂಬೈಗಳ ಸೆಕೆಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕಿ ನೆಲ ಸೇರುತ್ತದೆ, ತೊಟ್ಟಿಕ್ಕಿದ ಬೆವರು ತಂಪು ಕೊಡುವುದಿಲ್ಲ. ಅಂಥ ಹವೆಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಬಯಲುಸೀಮೆಯಿಂದ ಹಿಂದಿನ ದಿನ ರೈಲಿನಲ್ಲಿ ಬಂದಿಳಿದವನು ತನ್ನ ವೇಗವನ್ನು ತಗ್ಗಿಸಲೇಬೇಕು, ಬೇರೆ ಉಪಾಯವಿಲ್ಲ.

ಶನಿವಾರ ಐದು ಲೀಟರ್ ಕುಡಿದು ಭಾನುವಾರಕ್ಕೆ ಕೂಡಿಡೋಣವೆಂದರೆ ಮೂತ್ರಪಿಂಡ ಅದನ್ನು ರಾತ್ರಿಯೇ ಹೊರಹಾಕುತ್ತದೆ; ನಿದ್ದೆ ಕೆಟ್ಟದ್ದಷ್ಟೇ ಲಾಭ. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಕೆಂದು ಅರ್ಥ. ಓಟದ ದಿನ ಬಾಯಾರಿದಾಗ ನಾಲ್ಕು ಗುಟುಕು ಕುಡಿಯುವುದು ಸರಿಯಾದ ಕ್ರಮ.

ಸಣ್ಣಪುಟ್ಟ ಸಂಗತಿಗಳು ಬೇಗ ಮುಗಿಯುತ್ತವೆ. ಹೊಸ ಶೂ ಬೇಡ, ಹೊಸ ಕಾಲುಚೀಲವೂ ಬೇಡ. ಕಾಲುಗುರನ್ನು ಗುರುವಾರವೇ ಕತ್ತರಿಸಬೇಕು. ಕಂಕುಳು, ತೊಡೆಸಂದಿಗೆ ವ್ಯಾಸಲಿನ್. ಮುನ್ನಾ ರಾತ್ರಿ ನಿದ್ದೆ ಬಾರದಿದ್ದರೆ ಚಿಂತೆಯಿಲ್ಲ. ಗುರುವಾರ, ಶುಕ್ರವಾರ ಚೆನ್ನಾಗಿ ಮಲಗಿದ್ದರೆ ಅದು ಕೈ ಹಿಡಿಯುತ್ತದೆ. ಎರಡೂವರೆ ಗಂಟೆಯ ಗುರಿಯಿದ್ದವನು ಕಿಲೋಮೀಟರಿಗೆ 7 ನಿಮಿಷ 7 ಸೆಕೆಂಡು ಎಂದು ನೆನಪಿಟ್ಟುಕೊಂಡು, ಮೊದಲ ಎರಡು ಕಿಲೋಮೀಟರನ್ನು ಅದಕ್ಕಿಂತ ನಿಧಾನ ಓಡಬೇಕು. ನೋವಿನ ಮಾತ್ರೆ ನುಂಗಿ ಓಡುವ ಚಾಳಿ ಕೆಟ್ಟದ್ದು. ಐಬುಪ್ರೊಫೆನ್‌ನಂಥವು ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲವು.

ತಂದೆತಾಯಿಯರಿಗೆ ಸಂಬಂಧಿಸಿದ ಒಂದು ವಿಷಯ ಉಳಿಯಿತು. ವಾರದ ಪ್ರತಿ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು. ಅದು ಎಂದಿಗಿಂತ ಹತ್ತು ಹೆಚ್ಚಾಗಿ, ಎರಡು ದಿನ ಹಾಗೇ ಉಳಿದರೆ ದೇಹ ಏನೋ ಹೇಳುತ್ತಿದೆ. ಬರಿ ಮೂಗು ಸೋರುತ್ತಿದ್ದರೆ ಓಡಬಹುದು. ಜ್ವರ, ಮೈಕೈನೋವು, ಎದೆಯಲ್ಲಿ ಕಫ ಇದ್ದರೆ ಓಡಲೇಬಾರದು. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ, ಆ ಸ್ಥಿತಿಯಲ್ಲಿ ಎರಡು ಗಂಟೆ ದುಡಿಸಿದರೆ ಹೃದಯದ ಬಡಿತ ತಪ್ಪಬಹುದು. ಪ್ಯಾರಾಸಿಟಮಾಲ್ ನುಂಗಿದರೆ ಥರ್ಮಾಮೀಟರ್ ಇಳಿಯುತ್ತದೆ, ಕಾಯಿಲೆ ಇಳಿದಿರುವುದಿಲ್ಲ. ಓಡುವಾಗ ಎಂದಾದರೂ ಎದೆನೋವು ಬಂದಿದ್ದರೆ, ತಲೆ ಸುತ್ತಿ ಬಿದ್ದಿದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ವೈದ್ಯರಿಗೆ ಹೃದಯವನ್ನು ತೋರಿಸದೆ ಆ ಗೆರೆಯ ಬಳಿ ನಿಲ್ಲಬಾರದು. ಮೂರು ತಿಂಗಳ ಹಿಂದೆಯೇ ತೋರಿಸಬೇಕಿತ್ತು. ತೋರಿಸಿರದಿದ್ದರೆ ಸೋಮವಾರವೂ ತಡವಲ್ಲ.

ಇದು ಹೇಳಲು ಸುಲಭ. ಶುಲ್ಕ ಕಟ್ಟಿಯಾಗಿದೆ, ವಾಪಸು ಬರುವುದಿಲ್ಲ. ಟೀ ಶರ್ಟು ಮನೆಗೆ ಬಂದಿದೆ. ಅಪ್ಪ ಬಂಧುಗಳಿಗೆಲ್ಲ ವಾಟ್ಸಪ್ಪಿನಲ್ಲಿ ತಿಳಿಸಿಬಿಟ್ಟಿದ್ದಾನೆ. ಇಂಥ ಹೊತ್ತಿನಲ್ಲಿ ಹುಡುಗ ಜ್ವರವನ್ನು ಮುಚ್ಚಿಡುತ್ತಾನೆ. ಅವನು ಮುಚ್ಚಿಡಬೇಕಾಗಿ ಬರುವುದು ಮನೆಯವರ ಮುಖ ನೋಡಿ. "ಈ ಸಲ ಬಿಡು ಮಗಾ, ಮುಂದಿನ ತಿಂಗಳು ಇನ್ನೊಂದು ಓಟವಿದೆ" ಎಂಬ ಮಾತನ್ನು ಬುಧವಾರವೇ, ಜ್ವರ ಬರುವ ಮೊದಲೇ, ಅಪ್ಪ ಆಡಿಟ್ಟರೆ ಹುಡುಗ ಥರ್ಮಾಮೀಟರನ್ನು ತಾನೇ ತಂದು ತೋರಿಸುತ್ತಾನೆ.

ಎಲ್ಲ ಸರಿಯಿದ್ದರೆ ಶನಿವಾರ ಸಂಜೆ ಅಂಗಿ, ಶೂ, ಕಾಲುಚೀಲಗಳನ್ನು ಕುರ್ಚಿಯ ಮೇಲೆ ಜೋಡಿಸಿಡಬೇಕು. ಓಟ ಆರು ಗಂಟೆಗಿದ್ದರೆ ಮೂರೂವರೆಗೆ ಎದ್ದು ಎರಡು ಇಡ್ಲಿ, ಒಂದು ಬಾಳೆಹಣ್ಣು. ಕಾಫಿಯ ಅಭ್ಯಾಸವಿದ್ದರೆ ಕಾಫಿ. ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ರಕ್ತದ ಗುಂಪು, ಇರುವ ಕಾಯಿಲೆ, ಮನೆಯವರ ಫೋನ್ ನಂಬರ್ ಬರೆಯಲು ಜಾಗವಿರುತ್ತದೆ. ಬಹಳ ಮಂದಿ ಅದನ್ನು ಖಾಲಿ ಬಿಡುತ್ತಾರೆ. ಪಿನ್ನು ಚುಚ್ಚುವ ಮೊದಲು, ಬೆವರಿಗೆ ಅಳಿಸಿಹೋಗದ ಬಾಲ್‌ಪೆನ್ನಿನಲ್ಲಿ, ಅದನ್ನು ತುಂಬಬೇಕು.